ವೈಫೈ ಅಡಾಪ್ಟರ್ ಸೆಟ್ಟಿಂಗ್ಸ್: ಯಾವುದಕ್ಕೆ ಕೈ ಹಾಕಬೇಕು, ಯಾವುದನ್ನು ಇದ್ದಂತೆಯೇ ಬಿಡಬೇಕು

ಫೋನಿನಲ್ಲಿ ಸಲೀಸಾಗಿ ಓಡುವ ವೈಫೈ ಪಕ್ಕದ ಲ್ಯಾಪ್‌ಟಾಪಿನಲ್ಲಿ ಮಾತ್ರ ತೆವಳುತ್ತಿದ್ದರೆ, ರೌಟರನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಹೆಚ್ಚೇನೂ ಗಿಟ್ಟುವುದಿಲ್ಲ. ಬಹುಮಟ್ಟಿಗೆ ಕೊರತೆ ಇರುವುದು ಲ್ಯಾಪ್‌ಟಾಪಿನೊಳಗೆ ವೈಫೈ ಹಿಡಿಯುವ ಕಾರ್ಡಾದ ವೈರ್‌ಲೆಸ್ ಅಡಾಪ್ಟರಿನಲ್ಲಿ, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರಿನಲ್ಲಿ, ಇಲ್ಲವೇ ಯಾವಾಗಲೋ ಯಾರೋ ಬದಲಿಸಿಟ್ಟು ಮರೆತ ಒಂದು ಸೆಟ್ಟಿಂಗಿನಲ್ಲಿ. ಅಡಾಪ್ಟರಿನ ಅಡ್ವಾನ್ಸ್ಡ್ ಟ್ಯಾಬ್ ತೆರೆದರೆ ಉದ್ದನೆಯ ಪಟ್ಟಿಯೇ ಇರುತ್ತದೆ. ಅದರಲ್ಲಿ ಕೈ ಹಾಕಬೇಕಾದವು ಐದಾರು. ಉಳಿದವನ್ನು ಮುಟ್ಟಿದರೆ ಲಾಭಕ್ಕಿಂತ ತಲೆನೋವೇ ಜಾಸ್ತಿ. ಎಲ್ಲವನ್ನೂ ‘ಹೈಯೆಸ್ಟ್’ಗೆ ಏರಿಸಿಬಿಡಿ ಎನ್ನುವ ಸಲಹೆ ಎಲ್ಲೆಂದರಲ್ಲಿ ಸಿಗುತ್ತದೆ. ಅದನ್ನು ನಂಬಬೇಡಿ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಇಲ್ಲಿ ಹೇಳಿರುವುದು ವಿಂಡೋಸ್ 11 ಮತ್ತು 10ಕ್ಕೆ. ಮೆನುಗಳ ಹೆಸರನ್ನು ಪರದೆಯ ಮೇಲೆ ಇರುವ ಹಾಗೆಯೇ, ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಕಮಾಂಡುಗಳನ್ನು ಟೈಪ್ ಮಾಡುವಾಗ ಮಾತ್ರ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಮೊದಲು ಅಳತೆ

ಏನನ್ನೂ ಬದಲಿಸುವ ಮುನ್ನ ಈಗಿನ ಸ್ಥಿತಿಯನ್ನು ಬರೆದಿಟ್ಟುಕೊಳ್ಳಿ. ಇದನ್ನು ಬಿಟ್ಟವರು ಕೊನೆಗೆ ಯಾವ ಬದಲಾವಣೆಯಿಂದ ಏನಾಯಿತೆಂದು ತಿಳಿಯದೆ ಒದ್ದಾಡುತ್ತಾರೆ.

1. ವಿಂಡೋಸ್ ಕೀ ಒತ್ತಿ, ಸಿಎಂಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿ ತೆರೆದುಕೊಳ್ಳುತ್ತದೆ.

2. ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಇಂಟರ್‌ಫೇಸಸ್ ಎಂಬ ಕಮಾಂಡ್ ಕೊಡಿ. ಒಟ್ಟು ನಾಲ್ಕು ಪದ: ಮೊದಲನೆಯದು ಎನ್-ಇ-ಟಿ-ಎಸ್-ಎಚ್, ಎರಡನೆಯದು ಡಬ್ಲ್ಯೂ-ಎಲ್-ಎ-ಎನ್, ಆಮೇಲೆ ಶೋ, ಕೊನೆಗೆ ಇಂಟರ್‌ಫೇಸಸ್. ಪದಗಳ ನಡುವೆ ಒಂದೊಂದು ಸ್ಪೇಸ್.

3. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದೀಚೆಗೆ ಈ ಕಮಾಂಡಿಗೆ ಲೊಕೇಶನ್ ಅನುಮತಿ ಬೇಕು. ಹಾಗೆಂದು ಸಂದೇಶ ಬಂದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಲೊಕೇಶನ್‌ಗೆ ಹೋಗಿ ಲೊಕೇಶನ್ ಸರ್ವೀಸಸ್ ಆನ್ ಮಾಡಿ. ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಅನುಮತಿ ಕೊಡುವ ಸ್ವಿಚ್ ಕೂಡ ಅಲ್ಲೇ ಕೆಳಗಿದೆ.

ಬರುವ ಉತ್ತರದಲ್ಲಿ ನೋಡಬೇಕಾದ ಸಾಲುಗಳು ಐದು: ರೇಡಿಯೋ ಟೈಪ್, ಚಾನೆಲ್, ರಿಸೀವ್ ರೇಟ್ ಮತ್ತು ಟ್ರಾನ್ಸ್‌ಮಿಟ್ ರೇಟ್, ಸಿಗ್ನಲ್.

ಚಾನೆಲ್ 1ರಿಂದ 13ರೊಳಗಿದ್ದರೆ ಅದು 2.4 ಗಿಗಾಹರ್ಟ್ಸ್ ಬ್ಯಾಂಡ್, ಅಂದರೆ ತರಂಗಪಟ್ಟಿ. 36 ಅಥವಾ ಅದಕ್ಕಿಂತ ಹೆಚ್ಚಿದ್ದರೆ 5 ಗಿಗಾಹರ್ಟ್ಸ್. 6 ಗಿಗಾಹರ್ಟ್ಸ್‌ನಲ್ಲೂ ಚಾನೆಲ್ ಸಂಖ್ಯೆ 1, 5, 9 ಎಂದೇ ಶುರುವಾಗುವುದರಿಂದ, ಹೊಸ ರೌಟರ್ ಇದ್ದವರು ಬ್ಯಾಂಡ್ ಎಂಬ ಸಾಲನ್ನೂ ನೋಡಿಕೊಳ್ಳಬೇಕು.

ಸಿಗ್ನಲನ್ನು ವಿಂಡೋಸ್ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ಅದರ ಅರ್ಧದಿಂದ 100 ಕಳೆದರೆ ಸಿಗ್ನಲ್ ಬಲದ ಅಳತೆಯಾದ ಡಿಬಿಎಂ ಲೆಕ್ಕ ಬರುತ್ತದೆ. 80 ಪ್ರತಿಶತ ಎಂದರೆ ಮೈನಸ್ 60 ಡಿಬಿಎಂ. 50 ಪ್ರತಿಶತ ಎಂದರೆ ಮೈನಸ್ 75. ವಿಡಿಯೋ ಕರೆ ತಡವರಿಸದೆ ನಡೆಯಬೇಕಾದರೆ ಮೈನಸ್ 67ಕ್ಕಿಂತ ಕೆಳಗೆ ಇಳಿಯದಿರುವುದು ಒಳ್ಳೆಯದು. ಅಂದರೆ ವಿಂಡೋಸ್ ಲೆಕ್ಕದಲ್ಲಿ ಸುಮಾರು 66 ಪ್ರತಿಶತ.

ರೇಟ್ ಎಂಬುದು ಇಂಟರ್‌ನೆಟ್ ಸ್ಪೀಡ್ ಅಲ್ಲ. ಅಡಾಪ್ಟರ್ ಮತ್ತು ರೌಟರ್ ತಮ್ಮತಮ್ಮಲ್ಲಿ ಒಪ್ಪಿಕೊಂಡ ಗಾಳಿಯ ಮೇಲಿನ ವೇಗ ಅದು. ಕೈಗೆ ಸಿಗುವುದು ಅದರ ಅರ್ಧ ಅಥವಾ ಸ್ವಲ್ಪ ಹೆಚ್ಚು. ಎರಡು ಆಂಟೆನಾ ಇರುವ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಗರಿಷ್ಠವಾಗಿ ಕಾಣಬಹುದಾದ ಅಂಕಿಗಳು ಹೀಗಿವೆ: 802.11ಎನ್ ಎಂಬ ವೈಫೈ ಪೀಳಿಗೆಯಲ್ಲಿ 20 ಮೆಗಾಹರ್ಟ್ಸ್ ಚಾನೆಲ್ ಅಗಲಕ್ಕೆ 144 ಎಂಬಿಪಿಎಸ್, 40ಕ್ಕೆ 300. ಅದರ ನಂತರದ ಎಸಿಯಲ್ಲಿ 80 ಮೆಗಾಹರ್ಟ್ಸ್‌ಗೆ 866. ಎಎಕ್ಸ್‌ನಲ್ಲಿ, ಅಂದರೆ ವೈಫೈ 6ರಲ್ಲಿ, 80ಕ್ಕೆ 1201, 160ಕ್ಕೆ 2402.

ಈ ಅಂಕಿಗಳನ್ನು ಓದಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಒಂದು ಉದಾಹರಣೆ: ಸಿಗ್ನಲ್ 95 ಪ್ರತಿಶತ, ಚಾನೆಲ್ 6, ರೇಡಿಯೋ ಟೈಪ್ ಎನ್, ರಿಸೀವ್ ರೇಟ್ 72. ಪರದೆಯ ಮೂಲೆಯಲ್ಲಿ ವೈಫೈ ಗುರುತು ತುಂಬಿ ನಿಂತಿದೆ, ಆದರೂ ಡೌನ್‌ಲೋಡ್ ಮೂವತ್ತು ನಲವತ್ತು ಎಂಬಿಪಿಎಸ್ ದಾಟುವುದಿಲ್ಲ. 72 ಎನ್ನುವುದು 2.4 ಗಿಗಾಹರ್ಟ್ಸ್‌ನಲ್ಲಿ 20 ಮೆಗಾಹರ್ಟ್ಸ್ ಅಗಲದ ಒಂದೇ ಸ್ಟ್ರೀಮ್‌ನ, ಅಂದರೆ ಒಂದೇ ಆಂಟೆನಾ ಹರಿವಿನ, ಮಿತಿ. ರೌಟರಿನ ಹತ್ತಿರ ಹೋದರೂ ಅಷ್ಟೇ, ದೂರ ಹೋದರೆ ಇನ್ನೂ ಕಡಿಮೆ. ಅಡಾಪ್ಟರನ್ನು 5 ಗಿಗಾಹರ್ಟ್ಸ್‌ಗೆ ದಾಟಿಸುವುದೊಂದೇ ಇದಕ್ಕೆ ದಾರಿ. ಇನ್ನೊಂದು ಕಡೆ ಚಾನೆಲ್ 44, ರೇಟ್ 866, ಸಿಗ್ನಲ್ 85 ಇದ್ದು ಸ್ಪೀಡ್ ಟೆಸ್ಟ್ ಮಾತ್ರ 20 ತೋರಿಸುತ್ತಿದ್ದರೆ ಅಡಾಪ್ಟರ್ ತನ್ನ ಕೆಲಸ ಮಾಡುತ್ತಿದೆ. ತಕರಾರು ಅದರಾಚೆ ಇದೆ. ಅಡ್ವಾನ್ಸ್ಡ್ ಟ್ಯಾಬ್ ಕಡೆ ತಲೆ ಹಾಕುವ ಅಗತ್ಯವೇ ಇಲ್ಲ.

ರೇಟ್ ಏನು ಮಾಡಿದರೂ 54 ದಾಟುತ್ತಿಲ್ಲವೇ? ಅಡಾಪ್ಟರನ್ನು ಬೈಯುವ ಮೊದಲು ರೌಟರಿನ ಸೆಕ್ಯುರಿಟಿ ಪುಟ ನೋಡಿ. ಅಲ್ಲಿ ಡಬ್ಲ್ಯೂಇಪಿ ಅಥವಾ ಟಿಕೆಐಪಿ ಆಯ್ಕೆಯಾಗಿದ್ದರೆ ಕಾರಣ ಸಿಕ್ಕಿತು. 2009ರಲ್ಲಿ ಬಂದ 802.11ಎನ್ ಮಾನದಂಡ ಈ ಹಳೆಯ ಗೂಢಲಿಪಿಗಳ ಜತೆ ತನ್ನ ಹೆಚ್ಚಿನ ವೇಗಗಳನ್ನು ಬಳಸಲು ಬಿಡುವುದಿಲ್ಲ. ಹಾಗಾಗಿ ಸಂಪರ್ಕ ಹಳೆಯ ಕಾಲದ 54ಕ್ಕೇ ಇಳಿಯುತ್ತದೆ. ಡಬ್ಲ್ಯೂಪಿಎ2 ಜತೆಗೆ ಎಇಎಸ್ ಆರಿಸಿದರೆ ತಕ್ಷಣ ಮೇಲೇರುತ್ತದೆ.

ಡ್ರೈವರ್: ತೆಗೆಯುವ ಮುನ್ನ ತಂದಿಟ್ಟುಕೊಳ್ಳಿ

ವಿಂಡೋಸ್ ಕೀ ಮತ್ತು ಎಕ್ಸ್ ಒಟ್ಟಿಗೆ ಒತ್ತಿದರೆ ಬರುವ ಮೆನುವಿನಲ್ಲಿ ಡಿವೈಸ್ ಮ್ಯಾನೇಜರ್ ಇದೆ. ಅದರಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ಬಿಡಿಸಿದರೆ ವೈಫೈ, ವೈರ್‌ಲೆಸ್ ಅಥವಾ 802.11 ಎಂಬ ಪದವಿರುವ ಹೆಸರೇ ನಿಮ್ಮ ಅಡಾಪ್ಟರ್. ವ್ಯಾನ್ ಮಿನಿಪೋರ್ಟ್ ಎಂದಿರುವವು ವಿಂಡೋಸ್‌ನವು, ಅವನ್ನು ಮುಟ್ಟಬೇಡಿ.

ಹೆಸರು ಸ್ಪಷ್ಟವಾಗಿಲ್ಲದಿದ್ದರೆ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಟ್ಯಾಬ್‌ಗೆ ಹೋಗಿ ಹಾರ್ಡ್‌ವೇರ್ ಐಡಿಸ್ ಆರಿಸಿ. ವಿಇಎನ್ ಅಕ್ಷರಗಳ ಮುಂದಿರುವ ನಾಲ್ಕು ಅಂಕಿ-ಅಕ್ಷರಗಳು ಚಿಪ್ ಮಾಡಿದವರ ಗುರುತು. 8086 ಇಂಟೆಲ್, 10ಇಸಿ ರಿಯಲ್‌ಟೆಕ್, 14ಸಿ3 ಮೀಡಿಯಾಟೆಕ್, 168ಸಿ ಕ್ವಾಲ್‌ಕಾಮ್ ಅಥೆರೋಸ್. ಯುಎಸ್‌ಬಿ ಡಾಂಗಲ್ ಆದರೆ ವಿಇಎನ್ ಬದಲು ವಿಐಡಿ ಎಂದಿರುತ್ತದೆ. ಅಲ್ಲಿ 0ಬಿಡಿಎ ಕಂಡರೆ ರಿಯಲ್‌ಟೆಕ್. ಡಾಂಗಲ್ ಪೆಟ್ಟಿಗೆಯ ಮೇಲಿನ ಬ್ರ್ಯಾಂಡ್ ಯಾವುದೇ ಇರಲಿ, ಡ್ರೈವರ್ ಹುಡುಕಬೇಕಾದದ್ದು ಈ ಗುರುತಿನಿಂದ.

ಡ್ರೈವರ್ ಪಡೆಯಲು ಮೊದಲು ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ಸಪೋರ್ಟ್ ಪುಟ, ಅಲ್ಲಿರುವುದು ತೀರಾ ಹಳೆಯದಾದರೆ ಚಿಪ್ ಕಂಪನಿಯ ಪುಟ. ‘ಡ್ರೈವರ್ ಅಪ್‌ಡೇಟರ್’ ಹೆಸರಿನ ಮೂರನೆಯವರ ತಂತ್ರಾಂಶಗಳ ಗೊಡವೆಯೇ ಬೇಡ. ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡುವ ಮೊದಲು ಹೊಸ ಫೈಲ್ ಡಿಸ್ಕಿನಲ್ಲಿ ಇದೆಯೇ ನೋಡಿ. ವೈಫೈ ಡ್ರೈವರ್ ತೆಗೆದ ಮೇಲೆ ವೈಫೈ ಡ್ರೈವರ್ ಡೌನ್‌ಲೋಡ್ ಮಾಡಲು ವೈಫೈ ಇರುವುದಿಲ್ಲ ಎಂಬುದು ಹೊಳೆಯುವುದು ಸಾಮಾನ್ಯವಾಗಿ ತೆಗೆದ ಮೇಲೆಯೇ. ಹಾಗೆ ಸಿಕ್ಕಿಕೊಂಡರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ಬೇಕಾದ ಡ್ರೈವರ್ ವಿಂಡೋಸ್‌ನಲ್ಲೇ ಇದೆ.

ಅಪ್‌ಡೇಟ್ ಆದ ಮರುದಿನದಿಂದಲೇ ತೊಂದರೆ ಶುರುವಾಗಿದ್ದರೆ ಹೊಸದನ್ನು ಹುಡುಕಬೇಡಿ. ಡ್ರೈವರ್ ಟ್ಯಾಬ್‌ನ ರೋಲ್ ಬ್ಯಾಕ್ ಡ್ರೈವರ್ ಒತ್ತಿ. ಆ ಗುಂಡಿ ಮಂಕಾಗಿದ್ದರೆ ಹಿಂದಿನ ಡ್ರೈವರ್ ಉಳಿದಿಲ್ಲ ಎಂದರ್ಥ; ಹಳೆಯ ಆವೃತ್ತಿಯನ್ನು ಇಳಿಸಿಕೊಂಡು ಹಾಕಬೇಕಾಗುತ್ತದೆ.

ಹಳೆಯ ಡ್ರೈವರಿನ ಒಂದು ವಿಚಿತ್ರ ಲಕ್ಷಣವಿದೆ. ಹೊಸ ವೈಫೈ 6 ರೌಟರ್ ತಂದ ಮೇಲೆ ಮನೆಯ ನೆಟ್‌ವರ್ಕ್ ಎಲ್ಲ ಫೋನುಗಳಿಗೂ ಕಾಣುತ್ತದೆ, ಹಳೆಯ ಇಂಟೆಲ್ ಕಾರ್ಡ್ ಇರುವ ಲ್ಯಾಪ್‌ಟಾಪಿಗೆ ಮಾತ್ರ ಆ ಹೆಸರೇ ಕಾಣುವುದಿಲ್ಲ. ಕಾರ್ಡ್ ಕೆಟ್ಟಿಲ್ಲ. ರೌಟರ್ ಸಾರುವ ಎಎಕ್ಸ್ ಮಾಹಿತಿ ಹಳೆಯ ಡ್ರೈವರಿಗೆ ಅರ್ಥವಾಗದೆ ಅದು ಇಡೀ ನೆಟ್‌ವರ್ಕನ್ನೇ ಪಟ್ಟಿಯಿಂದ ಬಿಟ್ಟುಬಿಡುತ್ತದೆ. ಡ್ರೈವರ್ ಹೊಸದಾದರೆ ಸರಿಹೋಗುತ್ತದೆ.

ಅಡ್ವಾನ್ಸ್ಡ್ ಟ್ಯಾಬ್

ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ ಮೇಲೆ ಎರಡು ಸಲ ಕ್ಲಿಕ್ಕಿಸಿ ಅಡ್ವಾನ್ಸ್ಡ್‌ಗೆ ಹೋಗಿ. ಎಡಗಡೆ ಆಯ್ಕೆಗಳ ಹೆಸರು, ಬಲಗಡೆ ಈಗಿರುವ ಮೌಲ್ಯ. ಪ್ರತಿಯೊಂದನ್ನೂ ಆರಿಸಿ ಮೌಲ್ಯವನ್ನು ಫೋಟೋ ತೆಗೆದಿಟ್ಟುಕೊಳ್ಳಿ. ಎಲ್ಲವನ್ನೂ ಮೂಲಕ್ಕೆ ತರುವ ಒಂದೇ ಗುಂಡಿ ಇಲ್ಲಿಲ್ಲ. ಹೆಸರುಗಳು ಚಿಪ್‌ನಿಂದ ಚಿಪ್‌ಗೆ ಬದಲಾಗುತ್ತವೆ. ಕೆಳಗಿನವು ಇಂಟೆಲ್ ಕಾರ್ಡಿನಲ್ಲಿ ಕಾಣುವಂಥವು. ರಿಯಲ್‌ಟೆಕ್, ಮೀಡಿಯಾಟೆಕ್‌ಗಳಲ್ಲಿ ಪಟ್ಟಿ ಚಿಕ್ಕದು, ತಿರುಳು ಅದೇ. ಓಕೆ ಒತ್ತಿದ ಕೂಡಲೇ ಅಡಾಪ್ಟರ್ ಒಮ್ಮೆ ಬಿದ್ದು ಎದ್ದು ಮತ್ತೆ ಸೇರಿಕೊಳ್ಳುತ್ತದೆ, ಗಾಬರಿ ಬೇಡ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಮತ್ತೆ ಶೋ ಇಂಟರ್‌ಫೇಸಸ್ ಓಡಿಸಿ ನೋಡಿ.

ಪ್ರಿಫರ್ಡ್ ಬ್ಯಾಂಡ್. ಮೇಲಿನ 72ರ ಉದಾಹರಣೆಗೆ ಮದ್ದು ಇಲ್ಲಿದೆ. ಮೂಲತಃ ನೋ ಪ್ರಿಫರೆನ್ಸ್ ಎಂದಿರುತ್ತದೆ. ರೌಟರ್ ಎರಡೂ ಬ್ಯಾಂಡಿಗೆ ಒಂದೇ ಹೆಸರು ಇಟ್ಟಿದ್ದರೆ ಅಡಾಪ್ಟರ್ ಎಷ್ಟೋ ಸಲ 2.4ರಲ್ಲೇ ಕೂತುಬಿಡುತ್ತದೆ, ಯಾಕೆಂದರೆ ಗೋಡೆ ದಾಟಿ ಬರುವುದರಲ್ಲಿ ಅದರ ಸಿಗ್ನಲ್ಲೇ ಗಟ್ಟಿ. ಪ್ರಿಫರ್ 5 ಗಿಗಾಹರ್ಟ್ಸ್ ಬ್ಯಾಂಡ್ ಆರಿಸಿ. ಇದು ಬೀಗವಲ್ಲ, ಒಲವು ಮಾತ್ರ. 5 ಸಿಗದ ಕೋಣೆಯಲ್ಲಿ ಅಡಾಪ್ಟರ್ ತಾನಾಗಿ 2.4ಕ್ಕೆ ಇಳಿಯುತ್ತದೆ. ಪೂರ್ತಿ ಬೀಗವೇ ಬೇಕೆಂದರೆ ರೌಟರಿನಲ್ಲಿ ಎರಡು ಬ್ಯಾಂಡಿಗೆ ಎರಡು ಹೆಸರಿಟ್ಟು ಒಂದಕ್ಕೆ ಮಾತ್ರ ಸೇರಬೇಕು.

ಚಾನೆಲ್ ವಿಡ್ತ್. ಇದು ಎರಡು ಸಾಲುಗಳಲ್ಲಿ ಇರುತ್ತದೆ. 2.4 ಗಿಗಾಹರ್ಟ್ಸ್‌ಗೆ 20 ಮೆಗಾಹರ್ಟ್ಸ್ ಓನ್ಲಿ, 5ಕ್ಕೆ ಆಟೋ. 2.4ರ ಇಡೀ ಬ್ಯಾಂಡೇ 83.5 ಮೆಗಾಹರ್ಟ್ಸ್ ಅಗಲ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳೆಂದರೆ 1, 6, 11 ಅಷ್ಟೇ. 40 ಕೇಳಿದರೆ ಅರ್ಧ ಬ್ಯಾಂಡನ್ನೇ ಕೇಳಿದಂತೆ. ಅಕ್ಕಪಕ್ಕದ ರೌಟರುಗಳೆಲ್ಲ ಅದರೊಳಗೆ ಬಂದು ಬಡಿದು, ಕಾಗದದ ಮೇಲೆ ರೇಟ್ ಹೆಚ್ಚಾದರೂ ನಿಜವಾದ ವೇಗ ಕುಸಿಯುತ್ತದೆ. 5ರ ಸಾಲಿನಲ್ಲಿ ಅಪ್ಪಿತಪ್ಪಿ 20 ಓನ್ಲಿ ಆಯ್ಕೆಯಾಗಿದ್ದರೆ ಪರಿಣಾಮ ಉಲ್ಟಾ: 866 ಬರಬೇಕಾದ ಎಸಿ ಕಾರ್ಡ್ 173ಕ್ಕೆ ನಿಲ್ಲುತ್ತದೆ. ಚಾನೆಲ್ 36, ಸಿಗ್ನಲ್ ಚೆನ್ನಾಗಿದೆ, ರೇಟ್ 173 ಎಂದು ಕಂಡರೆ ಮೊದಲು ನೋಡಬೇಕಾದದ್ದು ಈ ಸಾಲನ್ನು, ಆಮೇಲೆ ರೌಟರಿನ ಅಗಲವನ್ನು.

ರೋಮಿಂಗ್ ಅಗ್ರೆಸಿವ್‌ನೆಸ್. ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇದರ ಬಗ್ಗೆ. ಒಂದರಿಂದ ಐದು ಮೆಟ್ಟಿಲು, ಮೂಲತಃ ಮೂರು. ಈಗಿರುವ ರೌಟರ್ ಬಿಟ್ಟು ಇನ್ನೂ ಚೆನ್ನಾಗಿರುವುದನ್ನು ಹುಡುಕಲು ಅಡಾಪ್ಟರ್ ಎಷ್ಟು ಬೇಗ ಹೊರಡಬೇಕು ಎಂಬುದನ್ನು ಇದು ಹೇಳುತ್ತದೆ. ಐದಕ್ಕೆ ಏರಿಸಿದರೆ ಸಿಗ್ನಲ್ ಹೆಚ್ಚುವುದಿಲ್ಲ, ಹುಡುಕಾಟ ಹೆಚ್ಚುತ್ತದೆ. ಹುಡುಕಲು ಬೇರೆ ಚಾನೆಲ್‌ಗೆ ಹೋದಾಗಲೆಲ್ಲ ನಿಮ್ಮ ಡೇಟಾ ಒಂದು ಕ್ಷಣ ಕಾಯುತ್ತದೆ. ಆಟದಲ್ಲಿ ಪಿಂಗ್ (ಉತ್ತರ ಬರಲು ಹಿಡಿಯುವ ಸಮಯ) ಆಗಾಗ ನೆಗೆಯುವುದು, ಕರೆಯಲ್ಲಿ ದನಿ ಒಂದು ಅಕ್ಷರ ನುಂಗುವುದು ಇದರಿಂದಲೇ ಇರಬಹುದು. ಮನೆಯಲ್ಲಿ ಒಂದೇ ರೌಟರ್ ಇದ್ದರೆ ಒಂದು ಅಥವಾ ಎರಡಕ್ಕೆ ಇಳಿಸಿ. ಹೋಗಲು ಬೇರೆ ಜಾಗವೇ ಇಲ್ಲದಿರುವಾಗ ಹುಡುಕುವುದೇಕೆ? ಮನೆಯ ಬೇರೆ ಬೇರೆ ಕಡೆ ಒಂದೇ ವೈಫೈ ಹಂಚುವ ಎರಡು ಮೂರು ಮೆಶ್ ಪೆಟ್ಟಿಗೆಗಳಿದ್ದು, ಮಹಡಿಗೆ ಹೋದರೂ ಲ್ಯಾಪ್‌ಟಾಪ್ ಕೆಳಗಿನ ಪೆಟ್ಟಿಗೆಗೇ ಅಂಟಿಕೊಂಡಿದ್ದರೆ ನಾಲ್ಕಕ್ಕೆ ಏರಿಸಿ ನೋಡಿ.

ಟ್ರಾನ್ಸ್‌ಮಿಟ್ ಪವರ್. ಹೈಯೆಸ್ಟ್‌ನಲ್ಲೇ ಇರಲಿ. ಇದು ಲ್ಯಾಪ್‌ಟಾಪಿನಿಂದ ಹೊರಹೋಗುವ ಸಿಗ್ನಲಿಗೆ ಮಾತ್ರ ಸಂಬಂಧಿಸಿದ್ದು. ಬ್ಯಾಟರಿ ಉಳಿಸಲೆಂದು ಇಳಿಸಿದರೆ ರಿಸೀವ್ ರೇಟ್ ಚೆನ್ನಾಗಿರುತ್ತದೆ, ಟ್ರಾನ್ಸ್‌ಮಿಟ್ ರೇಟ್ ಪಾತಾಳಕ್ಕಿಳಿಯುತ್ತದೆ. ಮಾತಾಡುವವರ ವಿಡಿಯೋ ನಿಮಗೆ ಸ್ಪಷ್ಟ, ನಿಮ್ಮದು ಅವರಿಗೆ ಚೌಕ ಚೌಕ.

ವೈರ್‌ಲೆಸ್ ಮೋಡ್. ಇರುವುದರಲ್ಲಿ ಅತಿ ಹೊಸದನ್ನೇ ಇಡಿ. ಎಎಕ್ಸ್‌ನಲ್ಲಿ ಪದೇ ಪದೇ ಸಂಪರ್ಕ ತಪ್ಪುತ್ತಿದ್ದರೆ ಪರೀಕ್ಷೆಗೆಂದು ಎಸಿಗೆ ಇಳಿಸಿ ಒಂದು ದಿನ ನೋಡಬಹುದು. ಆಗ ಸರಿಹೋದರೆ ತಪ್ಪು ಡ್ರೈವರಿನದೋ ರೌಟರಿನ ಫರ್ಮ್‌ವೇರಿನದೋ ಆಗಿರುತ್ತದೆ.

ಮೈಮೋ ಪವರ್ ಸೇವ್ ಮೋಡ್. ಒಂದು ಆಂಟೆನಾವನ್ನು ಮಲಗಿಸಿ ಬ್ಯಾಟರಿ ಉಳಿಸುವ ಏರ್ಪಾಡು. ಸದಾ ಚಾರ್ಜರಿನಲ್ಲೇ ಇರುವ ಯಂತ್ರಕ್ಕೆ ನೋ ಎಸ್ಎಂಪಿಎಸ್ ಇಡಬಹುದು, ಉಳಿದವರಿಗೆ ಆಟೋ ಸಾಕು.

ಫ್ಯಾಟ್ ಚಾನೆಲ್ ಇನ್‌ಟಾಲರೆಂಟ್ ಎಂಬುದೊಂದಿದೆ. ಇದನ್ನು ಆನ್ ಮಾಡಿದರೆ 2.4ರಲ್ಲಿ ‘ನನ್ನ ಸುತ್ತ ಯಾರೂ 40 ಮೆಗಾಹರ್ಟ್ಸ್ ಬಳಸಬೇಡಿ’ ಎಂದು ನಿಮ್ಮ ಲ್ಯಾಪ್‌ಟಾಪ್ ಊರಿಗೆಲ್ಲ ಸಾರುತ್ತದೆ. ಡಿಸೇಬಲ್ಡ್ ಇರಲಿ. ಥ್ರೂಪುಟ್ ಬೂಸ್ಟರ್ ಹೆಸರು ಕೇಳಿ ಮರುಳಾಗಬೇಡಿ: ಕಳಿಸುವಾಗ ಗಾಳಿಯ ಸಮಯವನ್ನು ಇತರರಿಗಿಂತ ಹೆಚ್ಚು ಕಬಳಿಸುವ ಉಪಾಯ ಅದು, ಮನೆಯವರ ಸಾಧನಗಳೇ ಬಡವಾಗುತ್ತವೆ. ಪ್ಯಾಕೆಟ್ ಕೋಲೆಸಿಂಗ್, ಮಿಕ್ಸ್ಡ್ ಮೋಡ್ ಪ್ರೊಟೆಕ್ಷನ್, ಎಆರ್‌ಪಿ ಆಫ್‌ಲೋಡ್, ಜಿಟಿಕೆ ರೀಕೀಯಿಂಗ್ ಇತ್ಯಾದಿ ಇದ್ದಂತೆಯೇ ಇರಲಿ.

6 ಗಿಗಾಹರ್ಟ್ಸ್ ಕಾರ್ಡ್ ಇದ್ದೂ ಆ ಬ್ಯಾಂಡ್ ಕಾಣದಿದ್ದರೆ ವಿಂಡೋಸ್ 11 ಇದೆಯೇ ನೋಡಿ, ವಿಂಡೋಸ್ 10ರಲ್ಲಿ ಅದಕ್ಕೆ ಬೆಂಬಲವಿಲ್ಲ. ರೌಟರಿನ 6 ಗಿಗಾಹರ್ಟ್ಸ್‌ನಲ್ಲಿ ಡಬ್ಲ್ಯೂಪಿಎ2ರ ನಂತರದ ಸೆಕ್ಯುರಿಟಿ ಬಗೆಯಾದ ಡಬ್ಲ್ಯೂಪಿಎ3 ಕಡ್ಡಾಯ. ಜತೆಗೆ ಯಾವ ದೇಶದಲ್ಲಿ ಆ ಬ್ಯಾಂಡಿಗೆ ಅನುಮತಿ ಇದೆಯೋ ಅಲ್ಲಿ ಮಾತ್ರ ಡ್ರೈವರ್ ಅದನ್ನು ತೆರೆಯುತ್ತದೆ.

ಪವರ್: ನಿದ್ದೆಯಿಂದೆದ್ದ ಮೇಲೆ ವೈಫೈ ಮಾಯ

ಲ್ಯಾಪ್‌ಟಾಪ್ ಮುಚ್ಚಿ ತೆರೆದ ಮೇಲೆ ವೈಫೈ ಸಿಗದಿರುವುದು, ಚಾರ್ಜರ್ ಕಿತ್ತ ಕೂಡಲೇ ತೊದಲುವುದು, ಇವೆರಡಕ್ಕೂ ಎರಡು ಬೇರೆ ಜಾಗಗಳನ್ನು ನೋಡಬೇಕು.

ಮೊದಲನೆಯದು ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್. ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಲು ಕಂಪ್ಯೂಟರಿಗೆ ಅನುಮತಿಸು ಎಂಬ ಅರ್ಥದ ಮೊದಲ ಸಾಲಿನ ಟಿಕ್ ತೆಗೆಯಿರಿ. ಮಾಡರ್ನ್ ಸ್ಟ್ಯಾಂಡ್‌ಬೈ ಇರುವ ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಟ್ಯಾಬೇ ಇರದಿರಬಹುದು. ಅದು ದೋಷವಲ್ಲ, ಅಲ್ಲಿ ನಿದ್ದೆಯ ಲೆಕ್ಕವನ್ನು ವಿಂಡೋಸ್ ತಾನೇ ನೋಡಿಕೊಳ್ಳುತ್ತದೆ.

ಎರಡನೆಯದು ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್. ಚೇಂಜ್ ಪ್ಲ್ಯಾನ್ ಸೆಟ್ಟಿಂಗ್ಸ್, ಅದರೊಳಗೆ ಚೇಂಜ್ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್, ಅದರೊಳಗೆ ವೈರ್‌ಲೆಸ್ ಅಡಾಪ್ಟರ್ ಸೆಟ್ಟಿಂಗ್ಸ್, ಕೊನೆಗೆ ಪವರ್ ಸೇವಿಂಗ್ ಮೋಡ್. ಆನ್ ಬ್ಯಾಟರಿ ಎಂಬ ಸಾಲನ್ನು ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್ ಮಾಡಿ. ಬ್ಯಾಟರಿ ತುಸು ಬೇಗ ಇಳಿಯುತ್ತದೆ, ಆದರೆ ತಡವರಿಕೆ ಇದರಿಂದಲೇ ಆಗಿತ್ತೋ ಇಲ್ಲವೋ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಅಲ್ಲವೆಂದಾದರೆ ಹಿಂದಿನಂತೆ ಇಟ್ಟುಬಿಡಿ.

ಶಟ್‌ಡೌನ್ ಮಾಡಿ ಆನ್ ಮಾಡಿದರೂ ತೊಂದರೆ ಹಾಗೇ ಉಳಿಯುತ್ತಿದ್ದರೆ ಫಾಸ್ಟ್ ಸ್ಟಾರ್ಟಪ್ ನೆನಪಿರಲಿ. ಅದು ಆನ್ ಇದ್ದಾಗ ಶಟ್‌ಡೌನ್ ಪೂರ್ತಿ ಶಟ್‌ಡೌನ್ ಆಗಿರುವುದಿಲ್ಲ, ಡ್ರೈವರುಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮತ್ತೆ ಅದೇ ಬರುತ್ತದೆ. ರೀಸ್ಟಾರ್ಟ್ ಮಾಡಿ, ಇಲ್ಲವೇ ಶಿಫ್ಟ್ ಒತ್ತಿಹಿಡಿದು ಶಟ್‌ಡೌನ್ ಒತ್ತಿ.

ಐಪಿ ವಿಳಾಸ ಮತ್ತು ಡಿಎನ್ಎಸ್

ವೈಫೈ ಸೇರಿದೆ, ಇಂಟರ್‌ನೆಟ್ ಇಲ್ಲ. ಐಪಿಕಾನ್ಫಿಗ್ (ಐ-ಪಿ-ಸಿ-ಓ-ಎನ್-ಎಫ್-ಐ-ಜಿ) ಕಮಾಂಡ್ ಕೊಟ್ಟು ಐಪಿವಿ4 ವಿಳಾಸ ನೋಡಿ. 169.254ರಿಂದ ಶುರುವಾಗಿದ್ದರೆ ರೌಟರಿನಿಂದ ವಿಳಾಸ ಸಿಗದೆ ವಿಂಡೋಸ್ ತಾನೇ ಒಂದನ್ನು ಹಚ್ಚಿಕೊಂಡಿದೆ. ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್, ವೈಫೈ, ಹಾರ್ಡ್‌ವೇರ್ ಪ್ರಾಪರ್ಟೀಸ್‌ಗೆ ಹೋಗಿ ಐಪಿ ಅಸೈನ್‌ಮೆಂಟ್ ಎದುರು ಆಟೋಮ್ಯಾಟಿಕ್ ಎಂದಿದೆಯೇ ನೋಡಿ. ವಿಂಡೋಸ್ 10ರಲ್ಲಿ ಇದು ಸೇರಿರುವ ನೆಟ್‌ವರ್ಕಿನ ಪ್ರಾಪರ್ಟೀಸ್ ಪುಟದಲ್ಲಿದೆ.

ಪ್ರಿಂಟರ್ ಹಂಚಿಕೆಗೋ ರಿಮೋಟ್ ಡೆಸ್ಕ್‌ಟಾಪಿಗೋ ಸ್ಥಿರ ವಿಳಾಸ ಬೇಕಿದ್ದರೆ ಅದೇ ಜಾಗದಲ್ಲಿ ಎಡಿಟ್ ಒತ್ತಿ ಮ್ಯಾನ್ಯುಯಲ್ ಆರಿಸಿ ಐಪಿವಿ4 ಆನ್ ಮಾಡಿ. ರೌಟರ್ 192.168.1.1 ಆಗಿದ್ದರೆ ಹೀಗೆ ತುಂಬಬಹುದು: ಐಪಿ 192.168.1.200, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ 192.168.1.1, ಪ್ರಿಫರ್ಡ್ ಡಿಎನ್ಎಸ್ (ಜಾಲತಾಣದ ಹೆಸರನ್ನು ಐಪಿ ವಿಳಾಸವಾಗಿಸುವ ಸೇವೆ) 1.1.1.1 ಅಥವಾ 8.8.8.8. ವಿಂಡೋಸ್ 10 ಮಾಸ್ಕ್ ಬದಲು ಸಬ್‌ನೆಟ್ ಪ್ರಿಫಿಕ್ಸ್ ಲೆಂಗ್ತ್ ಕೇಳುತ್ತದೆ. ಅಲ್ಲಿ 255.255.255.0 ಎಂದು ತುಂಬಿದರೆ ಸೇವ್ ಮಾಡಲಾಗದು ಎನ್ನುತ್ತದೆ, ಯಾಕೆಂದು ಮಾತ್ರ ಹೇಳುವುದಿಲ್ಲ. ಅಲ್ಲಿ ತುಂಬಬೇಕಾದದ್ದು ಬರೀ 24. ಆರಿಸುವ ವಿಳಾಸ ರೌಟರ್ ತಾನಾಗಿ ವಿಳಾಸ ಕೊಡುವ ಡಿಎಚ್‌ಸಿಪಿ ಹಂಚಿಕೆಯ ವ್ಯಾಪ್ತಿಯ ಹೊರಗಿರಲಿ, ಇಲ್ಲದಿದ್ದರೆ ರೌಟರ್ ಅದೇ ಸಂಖ್ಯೆಯನ್ನು ಮತ್ತೊಂದು ಫೋನಿಗೂ ಕೊಟ್ಟು ಇಬ್ಬರೂ ಆಗಾಗ ಬೀಳುತ್ತೀರಿ.

ನಿಜ ಹೇಳಬೇಕೆಂದರೆ ಲ್ಯಾಪ್‌ಟಾಪಿನಲ್ಲಿ ಸ್ಥಿರ ವಿಳಾಸ ಹಾಕುವುದಕ್ಕಿಂತ ರೌಟರಿನಲ್ಲಿ ಒಂದು ವಿಳಾಸವನ್ನು ಈ ಯಂತ್ರಕ್ಕೇ ಮೀಸಲಿಡುವ ರಿಸರ್ವೇಶನ್ ಮಾಡುವುದೇ ಜಾಣತನ. ಕಂಟ್ರೋಲ್ ಪ್ಯಾನೆಲ್ ಮೂಲಕ ಅಡಾಪ್ಟರಿಗೇ ಕೊಟ್ಟ ವಿಳಾಸ ನೀವು ಬೇರೆ ಯಾವ ವೈಫೈಗೆ ಹೋದರೂ ಬೆನ್ನಿಗೆ ಬರುತ್ತದೆ, ಆಫೀಸಿನಲ್ಲೋ ಹೋಟೆಲಿನಲ್ಲೋ ಇಂಟರ್‌ನೆಟ್ ಇಲ್ಲದೆ ಕೂರಬೇಕಾಗುತ್ತದೆ. ರಿಸರ್ವೇಶನ್ ಅಡಾಪ್ಟರಿನ ಸ್ವಂತ ಗುರುತಾದ ಮ್ಯಾಕ್ ವಿಳಾಸ ನೋಡಿ ಕೆಲಸ ಮಾಡುವುದರಿಂದ ರ್‍ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್ ಎಂಬ ಸ್ವಿಚ್ ಆ ನೆಟ್‌ವರ್ಕಿಗೆ ಆಫ್ ಇರಬೇಕು. ಮ್ಯಾಕ್ ವಿಳಾಸದ ಎರಡನೆಯ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಕಾರ್ಖಾನೆ ಕೊಟ್ಟದ್ದಲ್ಲ, ತಂತ್ರಾಂಶ ಹುಟ್ಟಿಸಿದ್ದು ಎಂದು ಕಣ್ಣಲ್ಲೇ ಗುರುತಿಸಬಹುದು.

ಡಿಎನ್ಎಸ್ ಕೈಕೊಟ್ಟಿದೆಯೇ ಎಂದು ತಿಳಿಯಲು ಪಿಂಗ್ 8.8.8.8 ಕೊಡಿ. ಉತ್ತರ ಬಂದೂ ಜಾಲತಾಣ ತೆರೆಯದಿದ್ದರೆ ಮೇಲಿನಂತೆ ಡಿಎನ್ಎಸ್ ಬದಲಿಸಿ, ಐಪಿಕಾನ್ಫಿಗ್ ಸ್ಲ್ಯಾಶ್ ಫ್ಲಶ್‌ಡಿಎನ್ಎಸ್ ಓಡಿಸಿ.

ಪಾಸ್‌ವರ್ಡ್ ಸರಿಯಿದ್ದೂ ಸೇರುತ್ತಿಲ್ಲ

ರೌಟರಿನಲ್ಲಿ ಡಬ್ಲ್ಯೂಪಿಎ2ರಿಂದ ಡಬ್ಲ್ಯೂಪಿಎ3ಕ್ಕೆ ಬದಲಿಸಿದ ಮೇಲೆ ಇದು ಸಾಮಾನ್ಯ. ವಿಂಡೋಸ್ ಉಳಿಸಿಟ್ಟುಕೊಂಡ ಪ್ರೊಫೈಲಿನಲ್ಲಿ ಪಾಸ್‌ವರ್ಡ್ ಜತೆಗೆ ಸೆಕ್ಯುರಿಟಿ ಬಗೆಯೂ ಬರೆದಿರುತ್ತದೆ. ಮ್ಯಾನೇಜ್ ನೋನ್ ನೆಟ್‌ವರ್ಕ್ಸ್‌ನಲ್ಲಿ ಆ ಹೆಸರನ್ನು ಫರ್ಗೆಟ್ ಮಾಡಿ ಹೊಸದಾಗಿ ಸೇರಿ. ಹಳೆಯ ಕಾರ್ಡಿಗೆ ಡಬ್ಲ್ಯೂಪಿಎ3 ಬಾರದಿದ್ದರೆ ರೌಟರಿನಲ್ಲಿ ಎರಡನ್ನೂ ಒಪ್ಪುವ ಮಿಶ್ರ ಮೋಡ್ ಇಡಬೇಕು.

ಹೆಸರೇ ಪಟ್ಟಿಯಲ್ಲಿ ಕಾಣದಿದ್ದರೆ ರೌಟರಿನ ಚಾನೆಲ್ ನೋಡಿ. 12 ಮತ್ತು 13 ಎಲ್ಲ ದೇಶಗಳ ಅಡಾಪ್ಟರುಗಳಿಗೂ ಕಾಣುವುದಿಲ್ಲ. 5 ಗಿಗಾಹರ್ಟ್ಸ್‌ನ 52ರಿಂದ 144ರವರೆಗಿನವು ರೇಡಾರ್ ಜತೆ ಹಂಚಿಕೊಳ್ಳುವ ಚಾನೆಲ್‌ಗಳು. ಅಲ್ಲಿ ರೌಟರ್ ಕೆಲಸ ಶುರುಮಾಡುವ ಮುನ್ನ ಕನಿಷ್ಠ 60 ಸೆಕೆಂಡು ಕಿವಿಗೊಟ್ಟು ಕೇಳಬೇಕು, ರೇಡಾರ್ ಕೇಳಿಸಿದರೆ ಚಾನೆಲ್ ಬಿಟ್ಟೇಳಬೇಕು. ಅಡಾಪ್ಟರ್ ಕೂಡ ಅಲ್ಲಿ ತಾನಾಗಿ ಕೂಗಿ ಕರೆಯುವಂತಿಲ್ಲ, ರೌಟರಿನ ದನಿಗೆ ಕಾಯಬೇಕು. ಹೆಸರು ತಡವಾಗಿ ಕಾಣುವುದು ಅದಕ್ಕೇ. 36ರಿಂದ 48ರೊಳಗೆ ಇಟ್ಟರೆ ಈ ರಗಳೆ ಇಲ್ಲ.

ಸೆಟ್ಟಿಂಗಿನಿಂದ ಸರಿಹೋಗದ್ದು

ರೌಟರಿನ ಎದುರೇ ಕೂತರೂ ಸಿಗ್ನಲ್ 40 ಪ್ರತಿಶತ ದಾಟುತ್ತಿಲ್ಲ, ಅದೂ ಇತ್ತೀಚೆಗೆ ರ್‍ಯಾಮ್ ಹಾಕಲೋ ಫ್ಯಾನ್ ಒರೆಸಲೋ ಲ್ಯಾಪ್‌ಟಾಪ್ ಬಿಚ್ಚಿದ ಮೇಲೆ. ಆಂಟೆನಾ ತಂತಿ ಕಳಚಿದೆ ಎಂದು ಹೆಚ್ಚುಕಡಿಮೆ ಕಣ್ಣುಮುಚ್ಚಿ ಹೇಳಬಹುದು. ಹಿಂದಿನ ಮುಚ್ಚಳ ತೆಗೆದು ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ. ಅಂಚೆಚೀಟಿ ಗಾತ್ರದ ಎಂ.2 ಕಾರ್ಡಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟಿರುವ ಎರಡು ದುಂಡು ಲೋಹದ ಗುಂಡಿಗಳಿವೆ. ಕಪ್ಪು ಮತ್ತು ಬಿಳಿ, ಕೆಲವೊಮ್ಮೆ ಬೂದು ಬಣ್ಣದ ಕೂದಲೆಳೆ ತಂತಿಗಳು ಅವುಗಳ ಮೇಲೆ ಕೂರಬೇಕು. ತಂತಿಯ ತಲೆಯನ್ನು ಗುಂಡಿಯ ಮೇಲೆ ನೇರವಾಗಿ ಇಟ್ಟು ಉಗುರಿನಿಂದ ಒತ್ತಿದರೆ ಟಿಕ್ ಎಂದು ಕೂರುತ್ತದೆ. ಓರೆಯಾಗಿ ಒತ್ತಿದರೆ ಅಂಚು ಮಡಚಿಕೊಂಡು ಮತ್ತೆಂದೂ ನಿಲ್ಲದು.

ಕಾರ್ಡನ್ನೇ ಬದಲಿಸುವ ಯೋಚನೆಯಿದ್ದರೆ ಹೆಸರಿನ ಕೊನೆಯ ಅಂಕಿ ಗಮನಿಸಿ. ಇಂಟೆಲ್ ಎಎಕ್ಸ್200, ಎಎಕ್ಸ್210 ಮಾಮೂಲಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳು. ಎಎಕ್ಸ್201, ಎಎಕ್ಸ್211 ನೋಡಲು ಹಾಗೇ ಇದ್ದರೂ ಅರ್ಧ ಕೆಲಸ ಪ್ರೊಸೆಸರ್ ಕಡೆಯ ಚಿಪ್‌ನಲ್ಲಿ ನಡೆಯುತ್ತದೆ. ಸಿಎನ್‌ವಿಐ ಎಂಬ ಈ ಏರ್ಪಾಡು ಇರುವ ಇಂಟೆಲ್ ಯಂತ್ರಗಳನ್ನು ಬಿಟ್ಟು ಬೇರೆಡೆ ಹಾಕಿದರೆ ಕಾರ್ಡ್ ಕಾಣಿಸಿಕೊಳ್ಳುವುದೇ ಇಲ್ಲ.

ಯುಎಸ್‌ಬಿ ಡಾಂಗಲ್ 2.4ರಲ್ಲಿ ಕಾರಣವಿಲ್ಲದೆ ಕುಂಟುತ್ತಿದ್ದರೆ ಪಕ್ಕದ ಯುಎಸ್‌ಬಿ 3 ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್ ಇದೆಯೇ ನೋಡಿ. ಯುಎಸ್‌ಬಿ 3ರ 5 ಗಿಗಾಬಿಟ್ ಸಂಕೇತ 2.4 ಗಿಗಾಹರ್ಟ್ಸ್ ಸುತ್ತ ಗದ್ದಲ ಎಬ್ಬಿಸುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಬರೆದಿದೆ. ಡಾಂಗಲನ್ನು ಒಂದು ಮೀಟರ್ ಎಕ್ಸ್‌ಟೆನ್ಶನ್ ಕೇಬಲ್‌ಗೆ ಹಾಕಿ ದೂರ ಸರಿಸಿದರೆ ಸಾಕು.

ಅಡಾಪ್ಟರೇ ಕಾಣದಾದಾಗ

ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತೋ ಕೆಳಮುಖ ಬಾಣವೋ ಇದ್ದರೆ ಪ್ರಾಪರ್ಟೀಸ್‌ನಲ್ಲಿ ಕೋಡ್ ಓದಿ. ಕೋಡ್ 22 ಎಂದರೆ ಯಾರೋ ಡಿಸೇಬಲ್ ಮಾಡಿದ್ದಾರೆ, ಎನೇಬಲ್ ಒತ್ತಿ. ಕೋಡ್ 10 ಅಥವಾ 43 ಎಂದರೆ ಕಾರ್ಡ್ ಎದ್ದಿಲ್ಲ. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು 30 ಸೆಕೆಂಡು ಒತ್ತಿ ಹಿಡಿದು ಆಮೇಲೆ ಆನ್ ಮಾಡಿ. ಇಷ್ಟರಿಂದಲೇ ಎದ್ದು ಕೂರುವ ಕಾರ್ಡುಗಳು ಬಹಳ. ಅಡಾಪ್ಟರ್ ಸರಿಯಿದ್ದು ನೆಟ್‌ವರ್ಕ್ ಪಟ್ಟಿ ಮಾತ್ರ ಖಾಲಿಯಿದ್ದರೆ ಸರ್ವೀಸಸ್‌ನಲ್ಲಿ ಡಬ್ಲ್ಯೂಲ್ಯಾನ್ ಆಟೋಕಾನ್ಫಿಗ್ ರನ್ನಿಂಗ್ ಇದೆಯೇ, ಆಟೋಮ್ಯಾಟಿಕ್ ಇದೆಯೇ ನೋಡಿ.

ಆಗಾಗ ಬೀಳುವ ಸಂಪರ್ಕದ ಜಾಡು ಹಿಡಿಯಲು ವಿಂಡೋಸ್‌ನಲ್ಲೇ ಒಂದು ಒಳ್ಳೆಯ ಸಾಧನವಿದೆ, ಬಳಸುವವರೇ ಕಡಿಮೆ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಡಬ್ಲ್ಯೂಲ್ಯಾನ್‌ರಿಪೋರ್ಟ್ ಕೊಡಿ. ಕೊನೆಯ ಪದ ಒಟ್ಟಾಗಿ ಒಂದೇ, ನಡುವೆ ಸ್ಪೇಸ್ ಇಲ್ಲ. ಕಳೆದ ಮೂರು ದಿನಗಳಲ್ಲಿ ಎಷ್ಟು ಹೊತ್ತಿಗೆ ಸೇರಿತು, ಎಷ್ಟು ಹೊತ್ತಿಗೆ ತಪ್ಪಿತು, ಯಾಕೆ ತಪ್ಪಿತು ಎಂಬ ವರದಿ ಸಿದ್ಧವಾಗಿ, ಅದಿರುವ ಜಾಗವೂ ಪರದೆಯ ಮೇಲೆ ಬರುತ್ತದೆ. ಬ್ರೌಸರಿನಲ್ಲಿ ತೆರೆದು ಕೆಂಪು ಗುರುತುಗಳ ಮೇಲೆ ಕ್ಲಿಕ್ಕಿಸಿದರೆ ಕಾರಣದ ಸಾಲು ಸಿಗುತ್ತದೆ. ಪ್ರತಿ ಸಲವೂ ನಿದ್ದೆಯ ಆಸುಪಾಸಿನಲ್ಲೇ ತಪ್ಪಿದ್ದರೆ ಪವರ್ ಭಾಗಕ್ಕೆ ಮರಳಿ. ರೌಟರೇ ಕಳಿಸಿಬಿಟ್ಟಿದೆ ಎಂದಿದ್ದರೆ ಲ್ಯಾಪ್‌ಟಾಪನ್ನು ಬಿಟ್ಟು ರೌಟರ್ ನೋಡಿ.

ಯಾವುದಕ್ಕೂ ಬಗ್ಗದಿದ್ದರೆ ನೆಟ್‌ವರ್ಕ್ ರೀಸೆಟ್. ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್, ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್, ನೆಟ್‌ವರ್ಕ್ ರೀಸೆಟ್. ಇದು ಎಲ್ಲ ಅಡಾಪ್ಟರುಗಳನ್ನೂ ಕಿತ್ತು ಮರಳಿ ಕೂರಿಸುತ್ತದೆ, ಐದು ನಿಮಿಷದಲ್ಲಿ ಯಂತ್ರ ತಾನೇ ರೀಸ್ಟಾರ್ಟ್ ಆಗುತ್ತದೆ. ತೆರೆದಿರುವ ಕೆಲಸಗಳನ್ನು ಮೊದಲೇ ಸೇವ್ ಮಾಡಿ. ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳು ಅಳಿಸಿಹೋಗುತ್ತವೆ, ಆದ್ದರಿಂದ ಮನೆಯ ವೈಫೈ ಪಾಸ್‌ವರ್ಡ್ ಒಂದು ಚೀಟಿಯಲ್ಲಿರಲಿ. ವಿಪಿಎನ್ ಮತ್ತು ವರ್ಚುಯಲ್ ಮಷೀನ್ ತಂತ್ರಾಂಶಗಳನ್ನು ಮತ್ತೆ ಹಾಕಬೇಕಾಗಬಹುದು. ನೆಟ್‌ವರ್ಕ್ ಪಬ್ಲಿಕ್ ಎಂದಾಗಿಬಿಟ್ಟಿದ್ದರೆ ಹಂಚಿಕೊಂಡ ಪ್ರಿಂಟರ್ ಕಾಣುವುದಿಲ್ಲ. ಮನೆಯ ವೈಫೈ ಮಟ್ಟಿಗೆ ಅದನ್ನು ಪ್ರೈವೇಟ್ ಮಾಡಿ.